ಕೆಂಚನಿಗೆ ಏನಾಗಿತ್ತು

ಬೆಕ್ಕು ಆಕಳಿಸುವಾಗ ಅದರ ಬಾಯಿಯ ವಾಸನೆಯನ್ನು ನೀವು ಯಾವತ್ತಾದರೂ ಗಮನಿಸಿದ್ದೀರಾ? ಇಲ್ಲವೆಂದರೆ ನೀವು ಪುಣ್ಯವಂತರು. ಮೊನ್ನೆ ನನ್ನ ತೊಡೆಯ ಮೇಲಿದ್ದ ಬೆಕ್ಕು ಬಾಯಿ ತೆರೆದದ್ದೇ ತಡ, ಕೊಳೆತ ನಾತ ಮೂಗಿಗೆ ಬಡಿಯಿತು. ಅದನ್ನು ಎತ್ತಿಕೊಂಡು ದಾವಣಗೆರೆಯ ಪಶುವೈದ್ಯೆಯ ಹತ್ತಿರ ಓಡುವ ಮೊದಲೇ ನನ್ನ ಮನಸ್ಸು ಕೊಟ್ಟೂರಿಗೆ ಓಡಿತ್ತು. ಆ ನಾತ ನನಗೆ ಹಳೆಯ ಪರಿಚಯ.

ಎಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನಲ್ಲಿ ಚಿಗವ್ವನ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಆ ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬೆಕ್ಕುಗಳಿಗೆ ಅದೇ ಹೆದ್ದಾರಿ. ಚಿಗವ್ವನ ಗಂಡುಬೆಕ್ಕು ಕೆಂಚ ಅಲ್ಲಿ ಕಾದಾಡಿ, ಕಚ್ಚಿಸಿಕೊಂಡು, ಬೆಳಿಗ್ಗೆ ಹರಿದ ಕಿವಿಯೊಂದಿಗೆ ಇಳಿದು ಬರುತ್ತಿದ್ದ. ನಮ್ಮದು ಲಿಂಗಾಯತರ ಮನೆ. ಕೆಂಚನಿಗೆ ಹಾಲು, ರೊಟ್ಟಿ. ಪಕ್ಕದ ಮನೆಯ ಮಾಬವ್ವ, ಲಾರಿ ಮೆಕ್ಯಾನಿಕ್‌ನ ಹೆಂಡತಿ, ಮಾಳಿಗೆಯ ಮೇಲೆ ಅವನಿಗೆಂದು ಮಾಂಸದ ಚೂರು ಇಡುತ್ತಿದ್ದಳು. ಚಿಗವ್ವನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು, ಅಷ್ಟೆ.

ಒಂದು ವರ್ಷ ಕೆಂಚ ಸೊರಗತೊಡಗಿದ. ಬಾಯಿಹುಣ್ಣು ಮಾಯಿತು ಅನ್ನುವಷ್ಟರಲ್ಲಿ ಕಣ್ಣಲ್ಲಿ ಪಿಸುರು, ಕಣ್ಣು ತಿಳಿಯಾದರೆ ಶೀತ. ಬೇರೆ ಬೆಕ್ಕುಗಳಿಗೆ ತಾನಾಗಿ ಮಾಯುವ ಗೀರು ಇವನಿಗೆ ಕೀವಾಗುತ್ತಿತ್ತು. ಚಿಗವ್ವ ಟಾರ್ಚ್ ಹಿಡಿಯುವಳು, ನಾನು ಬಾಯಿ ಬಿಡಿಸಿ ಇಣುಕುವೆ. ವಿಟಮಿನ್ ಕೊರತೆ ಎಂದು ಘೋಷಿಸಿದೆ. ಜಗತ್ತಿನ ಎಲ್ಲ ಕಾಯಿಲೆಗೂ ಆಗ ನನ್ನ ಬಳಿ ಇದ್ದದ್ದು ಅದೊಂದೇ ಉತ್ತರ.

"ಒಂದು ಹುಣ್ಣಿಗೆ ಒಂದು ಕಾರಣ ಇರತೈತಿ. ಇವಗ ಎಲ್ಲಾ ಬೆನ್ನು ಹತ್ತಿ ಬರಾಕ ಹತ್ಯಾವಲ್ಲ, ಯಾಕ?" ಎಂದು ಚಿಗವ್ವ ಕೇಳುತ್ತಿದ್ದಳು. ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕುತ್ತ ಅವಳು ಮಾಳಿಗೆ ಹತ್ತಿದ್ದೇ ಕೆಟ್ಟದ್ದಾಯಿತು.

"ಮಾಬವ್ವಾ, ನಿನ್ನ ಖಂಡ ನಮ್ಮ ಬೆಕ್ಕಿಗೆ ಒಗ್ಗವಲ್ದು. ಇನ್ನ ಹಾಕಬ್ಯಾಡ."

ಮಾಬವ್ವ ಇಟ್ಟಿದ್ದ ಚೂರನ್ನು ಎತ್ತಿಕೊಂಡು, "ಆತು ಬಿಡವ್ವ" ಎಂದು ಕೆಳಗಿಳಿದಳು. ಆ ವರ್ಷದಿಂದ ರಂಜಾನಿನ ಸುರಕುಂಬಾ ಪಾಯಸ ಈ ಕಡೆ ಬರಲಿಲ್ಲ, ಸಂಕ್ರಾಂತಿಯ ಎಳ್ಳು ಆ ಕಡೆ ಹೋಗಲಿಲ್ಲ. ಕೆಂಚ ಬೇಸಿಗೆ ದಾಟಲಿಲ್ಲ. ಒಂದೇ ಗೋಡೆಯ ಆಚೀಚೆ ಇವತ್ತಿಗೂ ಇರುವ ಆ ಇಬ್ಬರು ಹೆಂಗಸರ ಮಾತು, ನಳದಲ್ಲಿ ನೀರು ಬಂತೇನು ಎನ್ನುವುದಕ್ಕಿಂತ ಮುಂದೆ ಹೋಗಿಲ್ಲ. ಊರಿಗೆ ಹೋದಾಗಲೆಲ್ಲ ಅದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಪಶುವೈದ್ಯೆ ನನ್ನ ಬೆಕ್ಕಿನ ರಕ್ತ ಪರೀಕ್ಷಿಸಿ ಹೇಳಿದರು: "ಇದೊಂದು ವೈರಸ್. ಮೈಯೊಳಗಿನ ಕಾವಲನ್ನೇ ಸಡಿಲ ಮಾಡುತ್ತೆ. ಆಮೇಲೆ ಸಣ್ಣಪುಟ್ಟ ರೋಗಾನೂ ನೆಟ್ಟಗೆ ಒಳಗೆ ಬರುತ್ತೆ."

"ಎಲ್ಲಿಂದ ಬಂತು?"

"ಹೆಚ್ಚಾಗಿ ಜಗಳದಲ್ಲಿ ಕಚ್ಚಿಸಿಕೊಂಡು. ಮನುಷ್ಯರಿಗೆ ಹತ್ತಲ್ಲ. ಹೊರಗೆ ಬಿಡಬೇಡ್ರಿ, ಚೆನ್ನಾಗಿ ತಿನ್ನಿಸ್ರಿ. ಎಷ್ಟೋ ಬೆಕ್ಕು ವರ್ಷಗಟ್ಟಲೆ ಆರಾಮಾಗಿರ್ತಾವೆ."

"ಮಾಂಸ ತಿಂದರೆ ಬರುತ್ತಾ?"

ಆಕೆ ನಕ್ಕುಬಿಟ್ಟರು. "ಮಾಂಸ ಅದರ ಊಟ ಅಲ್ವಾ?"

ಕೆಂಚನ ರಕ್ತವನ್ನು ಯಾರೂ ನೋಡಿಲ್ಲ, ಅವನಿಗೂ ಇದೇ ಆಗಿತ್ತೆಂದು ಆಣೆ ಮಾಡಿ ಹೇಳಲಾರೆ. ಆದರೂ ಆ ಸಂಜೆ ಚಿಗವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅಡ್ಡ ಮಾತಾಡದೆ ಕೇಳಿಸಿಕೊಂಡಳು.

"ಹಂಗಾರ ಖಂಡದ್ದೇನೂ ತಪ್ಪಿದ್ದಿಲ್ಲ?"

"ಇಲ್ಲ ಚಿಗವ್ವ. ಅದನ್ನ ತಿಂದಿದ್ರ ಇನ್ನೊಂದಿಷ್ಟು ದಿನ ಇರ್ತಿದ್ದನೇನೋ."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು, ಆಮೇಲೆ ಚಿಲಕ ತೆಗೆದ ಸದ್ದು. ನಾನು ಹಾಗೇ ಕಿವಿಗೆ ಹಿಡಿದುಕೊಂಡಿದ್ದೆ. ದೂರದಿಂದ ಚಿಗವ್ವನ ದನಿ ಕೇಳಿಸಿತು:

"ಮಾಬವ್ವಾ, ಒಳಗದೀಯೇನು? ನಿನಗೊಂದು ಮಾತು ಹೇಳೋದೈತಿ."