ಪೈಲ್ವಾನನ ಕೆಟ್ಟ ಹೆಸರು

ಟೈಲರಕ್ಕ ಔಷಧಿ ಅಂಗಡಿಗೆ ಹೋಗಿದ್ದ ಮಧ್ಯಾಹ್ನ ಅವಳ ಮನೆಗೆ ಕಳ್ಳರು ನುಗ್ಗಿದರು. ಹೊಲಿಗೆ ಮೆಷಿನ್ನಿನ ಮೋಟರು, ಕುಕ್ಕರು, ಗಿರಾಕಿಗಳು ಕೊಟ್ಟಿದ್ದ ಬಟ್ಟೆಯ ಗಂಟು ಎಲ್ಲ ಹೋಯಿತು. ಹರಿದದ್ದನ್ನು ಹೊಲಿದು, ಉದ್ದವಾದದ್ದನ್ನು ಮೋಟು ಮಾಡಿ, ಕೆಟ್ಟ ಜಿಪ್ಪು ಬದಲಿಸಿ ಒಂಟಿಯಾಗಿ ಬದುಕುತ್ತಿದ್ದ ಹೆಂಗಸು ಅವಳು. ಆಮೇಲೆ ಗಾಳಿಗೆ ಕದ ಅಲ್ಲಾಡಿದರೂ ಜೀವ ಬಾಯಿಗೆ ಬರುತ್ತಿತ್ತು.

ತಮ್ಮ ಬಂದು ಒಂದು ನಾಯಿಯನ್ನು ಬಿಟ್ಟುಹೋದ. ಬಾಕ್ಸರ್ ಜಾತಿಯದು, ಚಪ್ಪಟೆ ಮೂತಿ, ಜೋಲು ಕೆನ್ನೆ, ಅಗಲ ಎದೆ. ಪೈಲ್ವಾನ ಎಂದು ಹೆಸರಿಟ್ಟವನೂ ಅವನೇ.

"ಇದು ಬೊಗಳುತ್ತೇನೋ?" ಎಂದು ಅಕ್ಕ ಕೇಳಿದಳು.

"ಆ ಮುಖ ನೋಡಕ್ಕ. ಬೊಗಳೋ ಅಗತ್ಯ ಎಲ್ಲಿದೆ?"

ಆ ನಾಯಿಗೆ ಮುಖವೊಂದೇ ಬಂಡವಾಳ ಎಂಬುದು ವಾರದೊಳಗೆ ಗೊತ್ತಾಯಿತು. ಗ್ಯಾಸ್ ಸಿಲಿಂಡರ್ ತಂದವನನ್ನು ಪೈಲ್ವಾನ ಗೇಟಿನಿಂದ ಅಡುಗೆಮನೆಯವರೆಗೆ ಹೊಸ ಅಳಿಯನನ್ನು ಕರೆತಂದಂತೆ ಕರೆತಂದಿತು. ಮೀಟರ್ ನೋಡಲು ಬಂದವನ ಕೈ ನೆಕ್ಕಿ ನೆಕ್ಕಿ ಒದ್ದೆ ಮಾಡಿತು. ಕಳ್ಳ ಬಂದರೆ ಬೀರು ಎಲ್ಲಿದೆ ಎಂದು ತೋರಿಸುವುದೊಂದು ಬಾಕಿ ಎಂದು ಟೈಲರಕ್ಕ ತಲೆ ಚಚ್ಚಿಕೊಂಡಳು. ಹಾಗೆಂದು ವಾಪಸ್ಸು ಕಳಿಸಲೂ ಮನಸ್ಸಾಗಲಿಲ್ಲ. ಮೆಷಿನ್ ತುಳಿಯುವಾಗ ಅದು ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು, ಆ ಭಾರ ಅವಳಿಗೆ ಇಷ್ಟವಾಗಿತ್ತು.

ಅದಕ್ಕೇ ಅವಳೊಂದು ಕಥೆ ಕಟ್ಟಿದಳು. ಯಾರೂ ಕೇಳಿಕೊಂಡು ಬಾರದ ಹಳೇ ಪ್ಯಾಂಟೊಂದರ ಕಾಲನ್ನು ಕತ್ತರಿಯಿಂದ ಸೀಳಿ, ಅಂಚನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ನಾಯಿಯೇ ಹರಿದಂತೆ ಮಾಡಿದಳು. ಅದನ್ನು ಬೆಳಗ್ಗೆ ಗೇಟಿಗೆ ನೇತುಹಾಕಿದಳು. "ರಾತ್ರಿ ಒಬ್ಬ ಗೋಡೆ ಹಾರಿದ್ದ. ಉಳಿದಿದ್ದು ಇಷ್ಟೇ" ಎಂದಳು. ಹೊಲಿಯುವ ಕೈ ಹರಿಯುವುದನ್ನೂ ಚೆನ್ನಾಗಿಯೇ ಬಲ್ಲದು, ಯಾರಿಗೂ ಅನುಮಾನ ಬರಲಿಲ್ಲ. ಸುದ್ದಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಕಳ್ಳರು ಇಬ್ಬರಾಗಿದ್ದರು, ಒಬ್ಬನ ಹೆಬ್ಬೆರಳೂ ಹೋಗಿತ್ತು. ಟೈಲರಕ್ಕ ಅದನ್ನೂ ಅಲ್ಲಗಳೆಯಲಿಲ್ಲ.

ಕಳ್ಳರು ಮತ್ತೆ ಬರಲಿಲ್ಲ. ಉಳಿದವರೂ ಬರಲಿಲ್ಲ. ಮೊದಲೆಲ್ಲ ಗುಂಡಿ ಹಾಕಿಸಿಕೊಳ್ಳಲು ಬಂದ ಹೆಂಗಸರು ಮೆಟ್ಟಿಲ ಮೇಲೆ ಕೂತು, ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಈಗ ಕಿಟಕಿಯಲ್ಲಿ ಬಟ್ಟೆ ತುರುಕಿ, "ನಾಯಿ ಕಟ್ಟಿದೀರಾ?" ಎಂದು ಕೇಳಿ ಓಡುತ್ತಿದ್ದರು. ಪೈಲ್ವಾನ ಗೇಟಿನ ಸರಳಿನಲ್ಲಿ ಮೂತಿ ತೂರಿಸಿ, ತನ್ನನ್ನು ಕಂಡ ಕೂಡಲೇ ಜನ ಆಚೆ ಬದಿಗೆ ದಾಟುವುದನ್ನು ನೋಡುತ್ತಾ ನಿಲ್ಲುತ್ತಿತ್ತು. ಎದುರುಮನೆಯ ಪ್ಲಂಬರನ ಪುಟ್ಟ ಮಗಳು ಮಾತ್ರ ಕದ್ದುಮುಚ್ಚಿ ಬಿಸ್ಕತ್ತು ಕೊಡುತ್ತಿದ್ದಳು. ಒಮ್ಮೆ ಅದನ್ನು ಕಂಡ ಅಪ್ಪ ಅವಳನ್ನು ದರದರ ಎಳೆದುಕೊಂಡು ಹೋದ. ಅಂದೇ ನಿಜ ಹೇಳಿಬಿಡಬೇಕೆಂದು ಟೈಲರಕ್ಕ ಬಾಗಿಲವರೆಗೆ ಬಂದಳು. ನಿಜ ಹೇಳಿದರೆ ಅದು ಕಳ್ಳರಿಗೂ ಕೇಳುತ್ತದಲ್ಲ ಎಂದು ಹಿಂದಿರುಗಿದಳು.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಗ್ಗೆ ಅಟ್ಟದಿಂದ ಬಟ್ಟೆಯ ಗಂಟು ಇಳಿಸುವಾಗ ಸ್ಟೂಲು ವಾಲಿತು. ಬಿದ್ದವಳಿಗೆ ಸೊಂಟ ಅಲ್ಲಾಡಿಸಲಾಗಲಿಲ್ಲ. ಫೋನು ಮೇಜಿನ ಮೇಲಿತ್ತು. ಕೂಗಿದರೆ ಉಸಿರೇ ಹೊರಡುತ್ತಿತ್ತು, ದನಿಯಿಲ್ಲ. ಪೈಲ್ವಾನ ಸುತ್ತ ಸುತ್ತಿ, ಅವಳ ಮುಖ ಮೂಸಿ ಕುಂಯ್ಗುಟ್ಟಿತು.

"ಹೋಗೋ, ಯಾರನ್ನಾದ್ರೂ ಕರ್ಕೊಂಡು ಬಾರೋ" ಎಂದಳು. ನಾಯಿಗೆ ಏನು ಅರ್ಥವಾಯಿತೋ, ತೆರೆದ ಬಾಗಿಲಿನಿಂದ ಹೊರಗೋಡಿತು. ಗೇಟು ಹಾರಿದ ಸದ್ದು ಕೇಳಿಸಿತು.

ಹಿಂದೆಯೇ ಪುಟ್ಟ ಹುಡುಗಿಯ ದನಿ. "ಅಪ್ಪಾ, ಪೈಲ್ವಾನ ನನ್ ಫ್ರಾಕ್ ಎಳೀತಿದೆ!"

ಆಮೇಲೆ ಗಂಡಸಿನ ಕೂಗು, ಕಬ್ಬಿಣದ ಪೈಪಿನ ಏಟು, ಇನ್ನೊಂದು ಏಟು. ಪೈಲ್ವಾನ ಅಂಥ ದನಿಯಲ್ಲಿ ಅತ್ತದ್ದನ್ನು ಟೈಲರಕ್ಕ ಹಿಂದೆಂದೂ ಕೇಳಿರಲಿಲ್ಲ. "ಹೊಡೀಬೇಡ್ರೋ, ಅದು ಏನೂ ಮಾಡಲ್ಲ" ಎಂದು ನೆಲಕ್ಕೇ ಹೇಳಿದಳು. ಅಳು ನಿಂತಿತು.

ಜಗಳಕ್ಕೆಂದೇ ಪ್ಲಂಬರ್ ಒಳಗೆ ಬಂದ. "ಏನಕ್ಕ ನಿಮ್ಮ ನಾಯಿ, ಮಗು ಮೇಲೇ..." ಎಂದವನು, ನೆಲದ ಮೇಲೆ ಬಿದ್ದಿದ್ದವಳನ್ನು ಕಂಡು ಅಲ್ಲೇ ನಿಂತ. "ಅಯ್ಯೋ! ಅನ್ನ ಹಾಕಿದೋರನ್ನೂ ಬಿಡಲಿಲ್ವಾ ಅದು?"

"ಸ್ಟೂಲಿಂದ ಬಿದ್ದೆ" ಎಂದಳು. "ಅದು ನಿಮ್ಮನ್ನ ಕರೆಯೋಕೆ ಬಂದಿತ್ತಪ್ಪ. ಒಂದು ದಿನವೂ ಯಾರನ್ನೂ ಕಚ್ಚಿಲ್ಲ ಅದು. ಆ ಪ್ಯಾಂಟು ಹರಿದಿದ್ದು ನಾನು. ಆ ರಾತ್ರಿ ಕಳ್ಳ ಬರಲೇ ಇಲ್ಲ. ಎಲ್ಲ ನಾನು ಕಟ್ಟಿದ ಕಥೆ."

ಪ್ಲಂಬರ್ ಅವಳ ತಲೆಯ ಕೆಳಗೆ ಮೆತ್ತಗೆ ಕೈ ಕೊಟ್ಟ. ಒಳ್ಳೆಯ ಮನುಷ್ಯ ಅವನು, ಅದೇ ಸಂಕಟ. ಹಿಂದೆ ನಿಂತಿದ್ದ ಹೆಂಡತಿಗೆ, "ಸಾಕಿದ ಮೋಹ ನೋಡು, ಈಗಲೂ ಅದರ ಪರವಾಗೇ ಮಾತಾಡ್ತಿದಾರೆ" ಎಂದ. ಆಮೇಲೆ ಬಾಗಿಲಿನತ್ತ ತಿರುಗಿ ಕೂಗಿದ. "ಬನ್ರಮ್ಮ, ಹೆದರಬೇಡಿ. ನಾಯಿ ಸತ್ತಿದೆ."

ಬೀದಿಯ ಹೆಂಗಸರೆಲ್ಲ ಒಳಗೆ ಬಂದರು. ಒಬ್ಬಳು ನೀರು ಕುಡಿಸಿದಳು, ಇನ್ನೊಬ್ಬಳು ದಿಂಬು ತಂದಳು. ಟೈಲರಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸೊಂಟ ತುಂಬಾ ನೋಯುತ್ತಿರಬೇಕು, ಪಾಪ, ಎಂದು ಅವರವರೇ ಮಾತಾಡಿಕೊಂಡರು.