ಮೂರು ಹುಣ್ಣಿಮೆಯ ಬೀರು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಹೆಂಗಸೊಬ್ಬಳು ಬಾರಿನ ಗಲ್ಲಾದಲ್ಲಿ ಕೂರುವುದೇ ಅಂತ ಮೊದಮೊದಲು ಮೂಗು ಮುರಿದವರು ಬೇಕಾದಷ್ಟು ಜನ. ಈಗ ಅವರೇ ಭಾನುವಾರ ಬಂದು, ಚಾಪ್ಸ್ ಇನ್ನೂ ಉಳಿದಿದೆಯಾ ಅಂತ ನನ್ನ ಮುಖ ನೋಡುತ್ತಾರೆ. ಅಡುಗೆಮನೆ ನನ್ನ ಗಂಡನದು, ಗಲ್ಲಾ ಮತ್ತು ಫ್ರಿಜ್ಜು ನನ್ನದು, ಊರಲ್ಲಿರುವ ಹೆಸರು ಪೂರ್ತಿ ನನ್ನ ಮಾವನದು.

ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಬಂಡೂರು ಕುರಿಯ ಮಾಂಸ ಬಿಟ್ಟು ಬೇರೆಯದು ನಮ್ಮ ಒಲೆಗೆ ಹತ್ತುವುದಿಲ್ಲ. ಮಾವ ಬೆಳಿಗ್ಗೆ ತಾವೇ ಹೋಗಿ, ಹೆಬ್ಬೆರಳಲ್ಲಿ ಒತ್ತಿ ನೋಡಿ, ಮನಸ್ಸಿಗೆ ಬರದಿದ್ದರೆ ಕೈ ಒರೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಅವತ್ತು ನಮ್ಮಲ್ಲಿ ಮೊಟ್ಟೆ ಸಾರು. ಗಿರಾಕಿ ಗೊಣಗಿದರೆ ಗೊಣಗಲಿ. "ನಮ್ ತಾವ ಅಳಸಿದ್ದು ಅನ್ನೋದೇ ಇಲ್ಲ ಕಣ್ಲಾ, ಎಲ್ ಬೇಕಾದ್ರೂ ಕೇಳು" ಅನ್ನುವುದು ಅವರು ದಿನಕ್ಕೊಮ್ಮೆಯಾದರೂ ಆಡುವ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಇದೇನು ಜಂಭ ಅಂದುಕೊಂಡಿದ್ದೆ. ಆಮೇಲೆ ನನಗೂ ಅದೇ ಜಂಭ ಅಂಟಿಕೊಂಡಿತು.

ಒಂದು ಸಂಕ್ರಾಂತಿಯ ಹಿಂದೆ ಮುಂದೆ, ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಹೊರಟಿದ್ದ ಒಬ್ಬ ಹೆಂಗಸು ಊಟಕ್ಕೆ ನಮ್ಮಲ್ಲಿ ನಿಂತಳು. ನನಗಿಂತ ಚಿಕ್ಕವಳು, ಬೆಂಗಳೂರಿನವಳು. ಬೀರು ಮಾಡುವುದೇ ಅವಳ ಕಸುಬು. ಚಾಪ್ಸ್ ಮೂಳೆ ಚೀಪುತ್ತಲೇ ನನ್ನ ಫ್ರಿಜ್ಜಿನ ಕಡೆ ನೋಡಿ, "ಅಕ್ಕಾ, ಇಷ್ಟು ಒಳ್ಳೆ ಊಟಕ್ಕೆ ಎಲ್ಲಾ ಒಂದೇ ಥರದ ಬೀರು ಇಟ್ಟಿದ್ದೀರಲ್ಲ" ಅಂದಳು. ನನಗೆ ಚುರುಕ್ ಅಂದಿತು. ಅವಳು ಕಾರಿನಿಂದ ತನ್ನದೇ ಬೀರಿನ ಒಂದು ತಣ್ಣನೆಯ ಟಿನ್ನು ತಂದು ಲೋಟಕ್ಕೆ ಬಗ್ಗಿಸಿದಳು. ನಾನು ಮೂಗಿನ ಹತ್ತಿರ ಹಿಡಿದೆ, ಅಷ್ಟೇ. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಲ್ಲಿ ಗೀರಿದರೆ ಏಳುತ್ತದಲ್ಲ, ಆ ಪರಿಮಳ. ಕುಡಿದರೆ ನಾಲಿಗೆಯ ಹಿಂದೆ ಹದವಾದ ಕಹಿ.

ಅದಕ್ಕೆ ಹಾಪ್ಸ್ ಅನ್ನುವ ಬಳ್ಳಿಯ ಹೂವು ಹಾಕುತ್ತಾರಂತೆ. ಕಹಿಯೂ ಅದರದೇ, ಘಮವೂ ಅದರದೇ. ಹೂವು ಕಡಿಮೆ ಹಾಕಿದ್ದಕ್ಕೆ ಲೇಬಲ್ಲಿನ ಮೇಲೆ ಪೇಲ್ ಏಲ್ ಅಂತಲೂ, ಧಾರಾಳವಾಗಿ ಹಾಕಿದ್ದಕ್ಕೆ ಐಪಿಎ ಅಂತಲೂ ಬರೆದಿರುತ್ತದೆ ಅಂತ ವಿವರಿಸಿದಳು. ನಾನು ಐಪಿಎ ತರಿಸುತ್ತೇನೆ ಅಂದೆ. ಆ ಅಂಗಡಿಯಲ್ಲಿ ಯಾರನ್ನೂ ಕೇಳದೆ ನಾನು ಮಾಡಿದ ಮೊದಲ ತೀರ್ಮಾನ ಅದು.

ಸರ್ಕಾರಿ ಮದ್ಯದ ಡಿಪೋದಿಂದ ಬಾಕ್ಸುಗಳು ಬಂದವು. ಮೊದಲ ಟಿನ್ನು ಒಡೆದವರು ನಮ್ಮ ಖಾಯಂ ಗಿರಾಕಿ, ನಿವೃತ್ತ ಬಸ್ ಕಂಡಕ್ಟರು. ಒಂದು ಗುಟುಕಿಗೇ ಮುಖ ಹಿಂಡಿಕೊಂಡು, "ಏನವ್ವ ಇದು, ಬೇವಿನ ಕಸಾಯ ಕೊಟ್ಬುಟ್ಟೆ" ಅಂದರು. ಪಕ್ಕದ ಟೇಬಲ್ಲಿನವರೂ ಹೌದೌದು ಅಂದರು. ನನ್ನ ಮುಖ ಸಣ್ಣಗಾಯಿತು.

ಮಾವ ನನ್ನ ಕೈ ಬಿಡಲಿಲ್ಲ. ಅದು ಅವರ ದೊಡ್ಡ ಗುಣ. ತಾವೂ ಒಂದು ಗುಟುಕು ಚಪ್ಪರಿಸಿ, ಬಹಳ ಹೊತ್ತು ಯೋಚಿಸಿ, "ಎಳೇದು ಕಣವ್ವ ಇದು. ಇನ್ನೂ ಪಕ್ವ ಆಗಿಲ್ಲ. ಅಟ್ಟದ ಮ್ಯಾಲೆ ಮಡಗಾನ, ತಂತಾನೇ ಸರಿ ಓಯ್ತದೆ" ಅಂದರು. ನಮ್ಮ ಕಡೆ ಅನ್ನಕ್ಕೆ ಹಳೇ ಅಕ್ಕಿ, ಸಾರಿಗೆ ಹಳೇ ಹುಣಸೆಹಣ್ಣು. ಹೊಸದನ್ನು ತಕ್ಷಣ ಮುಟ್ಟುವವರು ಅವಸರದವರು ಅಂತಲೇ ಲೆಕ್ಕ. ಬಾಕ್ಸುಗಳೆಲ್ಲ ಶೀಟಿನ ಕೆಳಗಿನ ಅಟ್ಟಕ್ಕೆ, ಹುಣಸೆಹಣ್ಣಿನ ಮಡಕೆಗಳ ಪಕ್ಕಕ್ಕೆ ಹತ್ತಿದವು. ಮಾವನೇ ಅವುಗಳಿಗೆ ಗೋಣಿಚೀಲ ಹೊದಿಸಿದರು.

ಯುಗಾದಿ ಕಳೆದ ಮೇಲೆ ಮೊದಲ ಬಾಕ್ಸು ಇಳಿಸಿದೆವು. ಮಾವ ಗೆದ್ದಿದ್ದರು. ಕಹಿ ಇಳಿದಿತ್ತು. ಕಂಡಕ್ಟರು ಲೋಟ ಖಾಲಿ ಮಾಡಿ, "ಈಗ ಕುಡಿಯಂಗದೆ" ಅಂದರು. ನಾನೂ ಮೂಗಿಗೆ ಹಿಡಿದೆ. ಹೇರಳೆ ಎಲ್ಲೂ ಇರಲಿಲ್ಲ, ನೆನೆದ ರಟ್ಟಿನ ಡಬ್ಬದ ವಾಸನೆ.

"ಮಾವ, ಘಮ ಹೊರಟುಹೋಗಿದೆ" ಅಂದೆ.

"ಕಹೀನೂ ಓಯ್ತಲ್ಲವ್ವ. ನಿಂಗ್ಯಾಕೆ ಚಿಂತೆ" ಅಂದರು. ವ್ಯಾಪಾರವೂ ಜೋರಾಯಿತು. ನಾನು ಒಬ್ಬಳೇ ಒಳಗೊಳಗೆ ಕುದಿಯುತ್ತಿದ್ದೆ.

ಹಕ್ಕಿಗಳ ಮರಿ ದೊಡ್ಡದಾಗುವ ಹೊತ್ತಿಗೆ ಬೆಂಗಳೂರಿನವಳು ಮತ್ತೆ ಬಂದಳು. ಮಾವ ಅವಳನ್ನು ಮಗಳ ಹಾಗೆ ಕೂರಿಸಿ, "ನಿಮ್ದು ಎಳಸು ಮಾಲು ಕಣಮ್ಮ. ನಾನು ಅಣ್ಣು ಮಾಡಿ ಮಡಗಿವ್ನಿ, ಕುಡ್ದು ನೋಡಿ" ಅಂತ ತಾವೇ ಲೋಟ ತಂದಿಟ್ಟರು. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಟಿನ್ನಿನ ಬುಡ ತಿರುಗಿಸಿ ತುಂಬಿದ ದಿನ ನೋಡಿದಳು. ಎಲ್ಲಿಟ್ಟಿದ್ದಿರಿ ಅಂತ ಕೇಳಿದಳು. ಅಟ್ಟದ ಕಥೆಯನ್ನು ಮಾವ ಖುಷಿಯಿಂದಲೇ ಹೇಳಿದರು.

"ಸರ್, ತಪ್ಪು ತಿಳೀಬೇಡಿ. ಇದು ಹಳಸಿದೆ" ಅಂದಳು ಅವಳು, ಮೆಲ್ಲಗೆ.

ಮೆಲ್ಲಗೆ ಅಂದರೂ ಹತ್ತು ಜನಕ್ಕೆ ಕೇಳಿಸಿತು. ಕಂಡಕ್ಟರ ಕೈ ಕಡ್ಲೆಬೀಜದ ತಟ್ಟೆಯಲ್ಲೇ ನಿಂತಿತು. ನಮ್ಮ ಅಂಗಡಿಯಲ್ಲಿ, ನನ್ನ ಮಾವನ ಎದುರು, ಆ ಮಾತನ್ನು ಯಾರೂ ಅಂದಿರಲಿಲ್ಲ. ಮಾವನ ಮುಖ ಕೆಂಪಗಾಯಿತು. ಈಗ ಇವಳನ್ನು ಎಬ್ಬಿಸಿ ಕಳಿಸುತ್ತಾರೆ, ಜೊತೆಗೆ ನನ್ನ ಬೀರೂ ಹೋಯಿತು ಅಂದುಕೊಂಡೆ.

ಅವಳು ಹೆದರಲಿಲ್ಲ. ಕಾರಿನಿಂದ ಆ ವಾರ ತುಂಬಿದ್ದ ಟಿನ್ನು ತಂದು, ಎರಡು ಲೋಟಗಳನ್ನೂ ಪಕ್ಕಪಕ್ಕ ಇಟ್ಟಳು. ಮಾವ ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು, ಮತ್ತೆ ಮೊದಲನೆಯದನ್ನು. ಮಾಂಸ ಒತ್ತಿ ನೋಡುವಾಗಿನ ಮುಖವೇ. "ಇದ್ರಲ್ಲಿ ಏರಳೇಕಾಯಿ ಅದೆ. ಅದು ಸತ್ತೋಗ್ಬುಟ್ಟದೆ" ಅಂದರು. ನಂತರ ಅವಳನ್ನೇ ಕೇಳಿದರು: "ಎಷ್ಟು ದಿನ ಜೀವ ಇರ್ತದಮ್ಮ?"

"ಲೇಬಲ್ ಮೇಲೆ ಆರು ತಿಂಗಳು ಅಂತ ಇರುತ್ತೆ ಸರ್. ಅಲ್ಲೀವರೆಗೆ ಕುಡಿದರೆ ತೊಂದರೆ ಇಲ್ಲ, ಆದರೆ ಹೂವಿನ ಘಮ ಅಷ್ಟು ದಿನ ನಿಲ್ಲಲ್ಲ. ಫ್ರಿಜ್ಜಲ್ಲೇ ಇಟ್ಟರೆ ಮೂರು ತಿಂಗಳು ಚೆನ್ನಾಗಿರುತ್ತೆ."

ಮಾವ ಸೀದಾ ಅಟ್ಟ ಹತ್ತಿದರು. ಉಳಿದ ಬಾಕ್ಸುಗಳನ್ನು ಒಂದೊಂದಾಗಿ ಇಳಿಸಿ, ಹಿತ್ತಲಿನ ತೆಂಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಟಿನ್ನು ಒಡೆದು ಒಡೆದು ಸುರಿದರು. ಕಂಡಕ್ಟರಿಗೆ ಹೊಟ್ಟೆ ಉರಿಯಿತು. "ಬುಡಣ್ಣೋ, ನಮ್ಗೆ ಅದೇ ಇಷ್ಟ ಆಗಿತ್ತಲ್ಲ" ಅಂದರು.

"ನಿಂಗೆ ಇಷ್ಟ ಆಯ್ತದೆ ಅಂತ ಅಳಸಿದ್ದ ಇಕ್ಕಕ್ಕಾಯ್ತದ್ಲಾ?" ಅಂದರು ಮಾವ, ತಲೆ ಎತ್ತದೆ.

ಅಲ್ಲಿಂದ ಮಾವನದೇ ಒಂದು ಪದ್ಧತಿ ಶುರುವಾಯಿತು. ಡಿಪೋಗೆ ಮಾಂಸಕ್ಕೆ ಹೋದ ಹಾಗೇ ಖುದ್ದು ಹೋಗಿ ಬುಡದ ತಾರೀಕು ನೋಡಿ ಆರಿಸುತ್ತಾರೆ. ತುಂಬಿದ ಮೇಲೆ ಹುಣ್ಣಿಮೆ ಕಳೆದಾಗಲೆಲ್ಲ ಬಾಕ್ಸಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ಮೂರನೇ ಗೀಟು ಬಿದ್ದ ಬಾಕ್ಸು ತೆಂಗಿನ ಬುಡಕ್ಕೆ. ಕಹಿ ಬೇಡ ಅನ್ನುವವರಿಗೆ ನಾನು ಪೇಲ್ ಏಲ್ ತರಿಸಿದೆ. ಕಂಡಕ್ಟರು ಅದರಿಂದ ಶುರುಮಾಡಿ ನಿಧಾನಕ್ಕೆ ಐಪಿಎಗೇ ಬಂದರು. ಈಗ "ಎಷ್ಟ್ ಗೀಟಿಂದವ್ವ ಇದು?" ಅಂತ ಕೇಳದೆ ಲೋಟ ಮುಟ್ಟುವುದಿಲ್ಲ. ಮೈಸೂರು ಕಡೆಯ ದೊಡ್ಡ ಹೋಟೆಲುಗಳಲ್ಲೂ ಈ ಪ್ರಶ್ನೆ ಕೇಳುವ ಗಿರಾಕಿ ಸಿಗಲಾರ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಮರುವರ್ಷ ಹಕ್ಕಿ ಬಂದಾಗ ಅವಳೂ ಬಂದಳು, ಈ ಸಲ ತನ್ನ ಜೊತೆ ಬೀರು ಮಾಡುವ ನಾಲ್ವರನ್ನು ಕರೆದುಕೊಂಡು. ನಮ್ಮ ಅಂಗಡಿಯ ಬಗ್ಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳಂತೆ. ನನಗೋ ಸಡಗರ. ಫ್ರಿಜ್ಜಿನ ಬಾಗಿಲು ತೆಗೆದರೆ ಒಂದೇ ಒಂದು ಬಾಕ್ಸು. ಡಿಪೋಗೆ ಆ ತಿಂಗಳು ಮಾಲು ಬಂದಿರಲಿಲ್ಲ. ಬಾಕ್ಸಿನ ಮೇಲೆ ಮೂರನೇ ಗೀಟು ಆ ಬೆಳಿಗ್ಗೆಯಷ್ಟೇ ಬಿದ್ದಿತ್ತು.

ಒಂದು ದಿನದ್ದೇನು ಮಹಾ ಅಂದುಕೊಂಡು ಐದು ಟಿನ್ನು ಎತ್ತಿಕೊಂಡೆ. ಮಾವ ಅಡ್ಡ ಬಂದರು.

"ಅದ ಮಡಗವ್ವ ಒಳಿಕೆ."

"ಮಾವ, ಅವರದೇ ಬೀರು. ಲೇಬಲ್ ಮೇಲೆ ಇನ್ನೂ ಮೂರು ತಿಂಗಳಿದೆ. ಅವರಿಗೇ ಇಲ್ಲ ಅನ್ನೋಕಾಗುತ್ತಾ?" ನನ್ನ ದನಿ ಏರಿತ್ತು.

ಮಾವ ನನ್ನ ದಾಟಿ ಸೀದಾ ಅವರ ಟೇಬಲ್ಲಿಗೆ ಹೋದರು. "ನಿಮ್ದೇ ಮಾಲು, ಇಲ್ಲ ಅನ್ನಕಿಲ್ಲ. ಆದ್ರೆ ನೆನ್ನೆಗೆ ಮೂರು ಉಣ್ಣಿಮೆ ಆಯ್ತು ಕಣಮ್ಮ. ನಾನು ಕೊಡಕಿಲ್ಲ. ಎಳನೀರು ಕೆತ್ತುಸ್ತೀನಿ, ಚಾಪ್ಸ್ ತಿನ್ನಿ" ಅಂದರು.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಎದ್ದು ಬಂದು ನನ್ನ ಕೈಯಿಂದ ಒಂದು ಟಿನ್ನು ತೆಗೆದುಕೊಂಡು ಬುಡದ ತಾರೀಕು ನೋಡಿದಳು. ಕಣ್ಣು ತುಂಬಿತ್ತು ಅಂತ ನನ್ನ ನೆನಪು. ಒಲೆಯ ಹೊಗೆಯೂ ಇದ್ದಿರಬಹುದು. ಆಮೇಲೆ ಐದೂ ಟಿನ್ನುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ತನ್ನ ಕೈಯಿಂದ ಮಾಡಿದ್ದನ್ನು ತಾನೇ ಒಡೆದು ತೆಂಗಿನ ಬುಡಕ್ಕೆ ಸುರಿದಳು. ಅವಳ ಜೊತೆಯವರು ಬಾಗಿಲಲ್ಲಿ ನಿಂತು ನೋಡಿದರು. ನಾನು ಮಾವನ ಪಕ್ಕ ನಿಂತಿದ್ದೆ. ಆ ಮನೆಯ ಸೊಸೆ ನಾನು ಅಂತ ಅವತ್ತು ಆದಷ್ಟು ಹೆಮ್ಮೆ ನನಗೆ ಇನ್ನಾವತ್ತೂ ಆಗಿಲ್ಲ.

ಅವಳು ಕೈ ತೊಳೆದುಕೊಂಡು ಬಂದು ಕೂತಾಗ ಮಾವ ಮೊದಲ ಎಳನೀರನ್ನು ಅವಳ ಕೈಗೇ ಕೊಟ್ಟರು. "ಕುಡಿಯವ್ವ" ಅಂದರು, ಅಲ್ಲಿಯವರೆಗೆ ನನಗೆ ಮಾತ್ರ ಹೇಳುತ್ತಿದ್ದ ದನಿಯಲ್ಲಿ. "ಈಗ್ ತಾನೇ ಕೆಡವಿದ್ದು."