ಬೀಳದವನಿಗೆ ರಜೆ ಇಲ್ಲ

ನನ್ನಣ್ಣ ಬಾಕ್ಸಿಂಗ್‌ನಲ್ಲಿ ಒಮ್ಮೆಯೂ ಬಿದ್ದವನಲ್ಲ. ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮಾಟುಂಗದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಅಪ್ಪ ಗುರುತಿನ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಾರೆ. ಪಾಪ, ಅವರ ಕಾಫಿ ಆರಿಹೋದರೂ ಬಿಡುವುದಿಲ್ಲ.

ಆಂಟಾಪ್ ಹಿಲ್‌ನ ಕ್ಲಬ್ಬಿಗೆ ಅಣ್ಣನೂ ಚಿಕ್ಕಪ್ಪನ ಮಗನೂ ಒಟ್ಟಿಗೆ ಸೇರಿದವರು. ಚಿಕ್ಕಪ್ಪನ ಮಗ ಒಂದು ಸರಿಯಾದ ಪೆಟ್ಟು ಬಿದ್ದರೆ ಧೊಪ್ಪನೆ ಕೆಳಗೆ. ಬಿದ್ದವನನ್ನು ಮನೆಗೆ ಕಳಿಸುತ್ತಿದ್ದರು. ಡಾಕ್ಟರು ಹೂಂ ಅನ್ನುವ ತನಕ ಗ್ಲೌಸ್ ಮುಟ್ಟುವ ಹಾಗಿಲ್ಲ. ನಮ್ಮವರು ಅವನಿಗೆ ಮಾಡಿದ ಗೇಲಿ ಅಷ್ಟಿಷ್ಟಲ್ಲ. ಅಣ್ಣ ಅಂಥದೇ ಪೆಟ್ಟು ತಿಂದು ನಿಂತೇ ಇರುತ್ತಿದ್ದ. ನಿಂತವನಿಗೆ ಯಾರು ರಜೆ ಕೊಡುತ್ತಾರೆ? ಬೇರೆಯವರಿಗೆ ಪಂದ್ಯವಿದ್ದರೂ ಅವರ ಅಭ್ಯಾಸಕ್ಕೆ ಎದುರು ನಿಲ್ಲಿಸುತ್ತಿದ್ದದ್ದು ಇವನನ್ನೇ. ತಲೆನೋವೆಂದರೆ ಅಮ್ಮ ಮುಲಾಮು ಹಚ್ಚುತ್ತಿದ್ದಳು, ಬೆಳಿಗ್ಗೆ ಇವನು ಮತ್ತೆ ಹೊರಟ.

ಚಿಕ್ಕಪ್ಪನ ಮಗ ಈಗ ಚೆಂಬೂರಿನಲ್ಲಿ ಸ್ವಂತ ಹೋಟೆಲು ನಡೆಸುತ್ತಾನೆ. ಅಣ್ಣನಿಗೆ ಇನ್ನೂ ನಲವತ್ತು ತುಂಬಿಲ್ಲ, ಸಾಂಬಾರಿನ ಬಟ್ಟಲು ಹಿಡಿದು ಹೊರಟವನು ಯಾವ ಟೇಬಲ್ಲೆಂದು ತಿಳಿಯದೆ ನಡುವಿನಲ್ಲೇ ನಿಂತುಬಿಡುತ್ತಾನೆ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ತಲೆ ಗಟ್ಟಿಯಿದ್ದ ಮಾತ್ರಕ್ಕೆ ಒಳಗಿನ ಮಿದುಳು ಗಟ್ಟಿಯಾಗುವುದಿಲ್ಲ. ಬಿದ್ದವರಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ, ಇವನಿಗೆ ಸಿಗಲಿಲ್ಲ. ಇನ್ನು ಒಂದು ಪೆಟ್ಟೂ ಬೇಡ.

ಮೊನ್ನೆ ಮಧ್ಯಾಹ್ನ ಕ್ಲಬ್ಬಿನ ಕೋಚ್ ಹೋಟೆಲಿಗೆ ಬಂದರು. ಹೊಸಬರ ಅಭ್ಯಾಸಕ್ಕೆ ಅಣ್ಣ ಬೇಕಂತೆ. ಅಣ್ಣನ ಮುಖ ಅರಳಿತು, ನನಗೆ ಮೈಯೆಲ್ಲ ಉರಿಯಿತು. ಗಲ್ಲಾದ ಹತ್ತಿರ ಹೋಗಿ, "ಅಪ್ಪ, ಬೇಡ ಅಂತ ನೀವು ಹೇಳಿ. ನೀವು ಹೇಳಿದ್ರೆ ಮಾತ್ರ ಅವ ಕೇಳುದು" ಎಂದೆ.

"ಎಂತ ಮಾರಾಯ್ತಿ, ಬರೀ ಪ್ರಾಕ್ಟೀಸ್ ಅಲ್ವಾ? ಅವ ಒಮ್ಮೆಯೂ ಬಿದ್ದವನಲ್ಲ."

"ಬಿದ್ದಿದ್ರೆ ಒಳ್ಳೆದಿತ್ತು. ಡಾಕ್ಟ್ರು ಹೇಳಿದ್ದು ನಿಮ್ಮ ಎದುರೇ ಅಲ್ವಾ?"

ಅಪ್ಪ ಅಣ್ಣನ ಕಡೆ ತಿರುಗಿ, "ಎಂತ, ಹೋಗ್ತೀಯಾ?" ಎಂದು ಕೇಳಿದರು.

"ಎಲ್ಲಿಗೆ?" ಎಂದ ಅಣ್ಣ.

ಕೋಚ್ ಇನ್ನೂ ಅವನ ಎದುರೇ ಕೂತಿದ್ದರು. ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದರು. ಕೋಚ್ ಅರ್ಧ ಕುಡಿದಿಟ್ಟ ಕಾಫಿ ಲೋಟವನ್ನು ತಾವೇ ಎತ್ತಿಕೊಂಡು, "ವೋ ನಹೀಂ ಆಯೇಗಾ" ಎಂದರು, ಅವ ಬರುವುದಿಲ್ಲವೆಂದು.

ಇದೊಂದು ಮಾತನ್ನು ಅಣ್ಣ ತಲೆನೋವೆನ್ನುತ್ತಿದ್ದಾಗಲೇ ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?